ಚೀಟಿ ಹಿಡಿದು ಹಾಸಿಗೆಯ ಬಳಿಗೆ: ಬೆಂಗಳೂರಿನ ವಾರ್ಡುಗಳಿಗೆ ಆಸ್ಪತ್ರೆ ಬಾನುಲಿ ಏಕೆ ಬೇಕು

ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಒಳರೋಗಿ ವಾರ್ಡುಗಳಲ್ಲಿ ಸಂಜೆಯ ರೌಂಡ್ಸ್ ಮುಗಿದ ಮೇಲೆ ಮೊಬೈಲ್‌ಗಳ ಸದ್ದು ಏಳುತ್ತದೆ. ಒಂದು ಮಂಚದ ಬಳಿ ಧಾರಾವಾಹಿ, ಇನ್ನೊಂದರ ಬಳಿ ರೀಲ್ಸ್, ಮೂಲೆಯಲ್ಲಿ ಊರಿನವರೊಂದಿಗೆ ವಿಡಿಯೋ ಕರೆ. ಇಷ್ಟೆಲ್ಲ ಸದ್ದಿದ್ದರೂ ರೋಗಿಯ ಕಡೆಯವರಿಗೆ ನಿಜಕ್ಕೂ ಬೇಕಾದ ಮಾತು ಯಾವ ದಿಕ್ಕಿನಿಂದಲೂ ಬರುವುದಿಲ್ಲ. ನಾಳೆಯ ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ? ಬಿಪಿಎಲ್ ಕಾರ್ಡಿನ ಜೆರಾಕ್ಸ್ ಯಾವ ಕೌಂಟರಿಗೆ ಕೊಡಬೇಕು? ರಾತ್ರಿ ಮಲಗಲು ಧರ್ಮಶಾಲೆಯಲ್ಲಿ ಜಾಗ ಇದೆಯೇ? ರಕ್ತ ಹೊಂದಿಸಿ ಎಂದಿದ್ದಾರೆ, ಈ ಊರಿನಲ್ಲಿ ಯಾರನ್ನು ಕೇಳುವುದು? ಇವಕ್ಕೆ ಉತ್ತರ ಹೇಳಲು ವೈದ್ಯರೇ ಬೇಕಿಲ್ಲ. ಆದರೆ ಹೇಳುವವರು ಇಲ್ಲದಿದ್ದರೆ ಒಂದು ದಿನದ ಚಿಕಿತ್ಸೆಯೇ ತಪ್ಪಿಹೋಗಬಹುದು.

ಆಸ್ಪತ್ರೆಯ ಒಳಗೇ ನಡೆಯುವ, ಸ್ವಯಂಸೇವಕರು ನಡೆಸುವ ಬಾನುಲಿ ಕೇಂದ್ರ ಎಂಬ ಏರ್ಪಾಡು ಜಗತ್ತಿಗೆ ಹೊಸದಲ್ಲ. ಬ್ರಿಟನ್ನಿನಲ್ಲಿ ಅದಕ್ಕೆ ಸುಮಾರು ನೂರು ವರ್ಷಗಳ ಚರಿತ್ರೆಯಿದೆ. ಅಲ್ಲಿ ಅದು ಹುಟ್ಟಿದ ಕಾರಣಗಳು ಬೇರೆ, ಇಲ್ಲಿ ಅದು ಬೇಕಾಗಿರುವ ಕಾರಣಗಳು ಬೇರೆ. ಈ ವ್ಯತ್ಯಾಸವನ್ನು ಗಮನಿಸದೆ ಒಂದು ಸ್ಟುಡಿಯೋ ಕಟ್ಟಿ, ಮಂತ್ರಿಗಳಿಂದ ಟೇಪು ಕತ್ತರಿಸಿದರೆ ಆರು ತಿಂಗಳಲ್ಲಿ ಅದಕ್ಕೆ ಬೀಗ ಬೀಳುತ್ತದೆ. ಆದ್ದರಿಂದ ಮೊದಲು ಆ ಚರಿತ್ರೆಯನ್ನೇ ನೋಡೋಣ.

ಯುದ್ಧದ ಗಾಯಾಳುಗಳಿಂದ ಫುಟ್‌ಬಾಲ್ ವೀಕ್ಷಕ ವಿವರಣೆಯವರೆಗೆ

ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರಿಗೆ ಹಾಸಿಗೆಯಲ್ಲೇ ಧ್ವನಿ ಕೇಳಿಸುವ ಪ್ರಯತ್ನ ನಡೆಯಿತು. ಬ್ರಿಟನ್ನಿನಲ್ಲಿ 1920ರ ದಶಕದ ನಡುವೆ ಯಾರ್ಕ್ ಕೌಂಟಿ ಆಸ್ಪತ್ರೆಯ ಹಾಸಿಗೆಗಳಿಗೆ ತಂತಿ ಎಳೆದು ಹೆಡ್‌ಫೋನ್ ಕೊಟ್ಟರು. ಆಗಿನ್ನೂ ಬಿಬಿಸಿಯೇ ಎಳೆಗೂಸು. ಮನೆಯಲ್ಲಿ ರೇಡಿಯೋ ಇಲ್ಲದವನು ಆಸ್ಪತ್ರೆಗೆ ಸೇರಿದ ಮೇಲೆ ಮೊದಲ ಬಾರಿಗೆ ರೇಡಿಯೋ ಕೇಳಿದ ಕಾಲ ಅದು.

ಇದು ಚಳವಳಿಯ ಹಾಗೆ ಹಬ್ಬಿದ್ದು ಎರಡನೆಯ ಮಹಾಯುದ್ಧದ ನಂತರ. ಅದಕ್ಕೆ ಬಲವಾದ ಕಾರಣವಿತ್ತು. ಆಗಿನ ಬ್ರಿಟಿಷ್ ಆಸ್ಪತ್ರೆಗಳಲ್ಲಿ ಜನ ವಾರಗಟ್ಟಲೆ, ಕ್ಷಯವಾದರೆ ತಿಂಗಳುಗಟ್ಟಲೆ ಮಲಗಿರುತ್ತಿದ್ದರು. ನೋಡಲು ಬರುವವರಿಗೆ ಕಟ್ಟುನಿಟ್ಟಿನ ವೇಳೆ. ಎಷ್ಟೋ ಕಡೆ ಮಕ್ಕಳ ವಾರ್ಡಿಗೆ ಹೆತ್ತವರನ್ನೂ ವಾರಕ್ಕೆ ಒಂದೋ ಎರಡೋ ಸಲ ಮಾತ್ರ ಬಿಡುತ್ತಿದ್ದರು. ಮಕ್ಕಳನ್ನು ನೋಡಲು ತಂದೆತಾಯಿಗೆ ನಿರ್ಬಂಧ ಬೇಡ ಎಂದು ಪ್ಲಾಟ್ ಸಮಿತಿ ವರದಿ ಕೊಟ್ಟದ್ದು 1959ರಲ್ಲಿ. ಅಷ್ಟು ಕಾಲ ಆಸ್ಪತ್ರೆಯೆಂದರೆ ಅರ್ಧ ಸೆರೆಮನೆ. ಆ ಒಂಟಿತನಕ್ಕೆ ಸುತ್ತಮುತ್ತಲಿನ ಜನರೇ ಮದ್ದು ಹುಡುಕಿದರು. ಕೆಲವು ಊರುಗಳಲ್ಲಿ ಶನಿವಾರದ ಫುಟ್‌ಬಾಲ್ ಪಂದ್ಯವನ್ನು ಮೈದಾನದಿಂದಲೇ ಬಣ್ಣಿಸಿ, ಅಂಚೆ ಇಲಾಖೆಯಿಂದ ಬಾಡಿಗೆಗೆ ಪಡೆದ ದೂರವಾಣಿ ತಂತಿಯ ಮೂಲಕ ನೇರವಾಗಿ ವಾರ್ಡುಗಳಿಗೆ ಮುಟ್ಟಿಸಿದರು. ಪೋರ್ಟ್ಸ್‌ಮತ್‌ನ ಆಸ್ಪತ್ರೆ ಪ್ರಸಾರ 1951ರಲ್ಲಿ ಹೀಗೆಯೇ ಶುರುವಾಯಿತು. ಗಮನಿಸಬೇಕಾದದ್ದು, ಅವರು ಬಿತ್ತರಿಸಿದ್ದು ತಮ್ಮ ಊರಿನ ತಂಡದ ಆಟವನ್ನು. ರಾಷ್ಟ್ರೀಯ ಬಾನುಲಿಯಲ್ಲಿ ಸಿಗದ, ಆದರೆ ಆ ವಾರ್ಡಿನಲ್ಲಿ ಮಲಗಿದ್ದ ಹಡಗುಕಟ್ಟೆಯ ಕೂಲಿಗೆ ಪ್ರಾಣವಾಗಿದ್ದ ಸಂಗತಿ ಅದು.

1960ರಿಂದ 80ರವರೆಗಿನ ದಶಕಗಳು ಆಸ್ಪತ್ರೆ ಬಾನುಲಿಯ ಸುಗ್ಗಿಕಾಲ. ನೆಲಮಾಳಿಗೆಯಲ್ಲೋ, ಬಳಸದೆ ಬಿಟ್ಟ ಉಗ್ರಾಣದಲ್ಲೋ ಒಂದು ಕೋಣೆ, ಗೋಡೆಗೆ ಮೊಟ್ಟೆಯ ಟ್ರೇ, ಎರಡು ಗ್ರಾಮಫೋನ್, ದಾನವಾಗಿ ಬಂದ ಹಾಡಿನ ತಟ್ಟೆಗಳು. ಹಗಲು ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ದುಡಿದವರು ಸಂಜೆ ಇಲ್ಲಿಗೆ ಬಂದು ಮೈಕ್ ಹಿಡಿಯುತ್ತಿದ್ದರು. 1978ರಲ್ಲಿ ಲಂಡನ್ನಿನ ಹತ್ತಿರದ ಕಾರ್ಷಲ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ರೇಡಿಯೋ ಲಾಲಿಪಾಪ್ ಎಂಬ ಕೇಂದ್ರ ಹುಟ್ಟಿತು. ಅದು ಮಕ್ಕಳಿಗಾಗಿಯೇ ಇದ್ದ ಕೇಂದ್ರ. ಸ್ವಯಂಸೇವಕರಲ್ಲಿ ಒಂದು ಪಾಲು ಜನ ಸ್ಟುಡಿಯೋದಲ್ಲಿ ಕೂತರೆ ಉಳಿದವರು ವಾರ್ಡಿನಲ್ಲಿ ಮಕ್ಕಳೊಂದಿಗೆ ಆಟಕ್ಕೆ ಕೂರುತ್ತಿದ್ದರು. ಮುಂದೆ ಅದು ಬೇರೆ ದೇಶಗಳಿಗೂ ಹಬ್ಬಿತು.

ಕೋರಿಕೆಯ ಕಾರ್ಯಕ್ರಮ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ವ್ಯವಸ್ಥೆಯ ಜೀವ ಅಲ್ಲಿದೆ. ಪ್ರಸಾರಕ್ಕೆ ಒಂದೆರಡು ಗಂಟೆ ಮೊದಲು ಸ್ವಯಂಸೇವಕರು ಚೀಟಿಗಳ ಕಟ್ಟು ಹಿಡಿದು ವಾರ್ಡಿಗೆ ಬರುತ್ತಾರೆ. ಮೊದಲು ನರ್ಸ್ ಬಳಿ ಹೋಗಿ, ಇವತ್ತು ಯಾರನ್ನು ಮಾತನಾಡಿಸಬಾರದು ಎಂದು ಕೇಳಿಕೊಳ್ಳುತ್ತಾರೆ. ಆಮೇಲೆ ಒಂದೊಂದೇ ಹಾಸಿಗೆ. ಯಾವ ಹಾಡು ಬೇಕು, ಯಾರಿಗಾಗಿ, ಹೆಸರು ಹೇಳಬಹುದೇ? ಚೀಟಿಯಲ್ಲಿ ಬರೆದುಕೊಳ್ಳುವುದು ಇಷ್ಟೇ. ಆದರೆ ಈ ಮೂರು ಪ್ರಶ್ನೆ ಮುಗಿಯುವಷ್ಟರಲ್ಲಿ ರೋಗಿ ತನ್ನ ಮದುವೆಯಲ್ಲಿ ನುಡಿಸಿದ ಹಾಡಿನ ಕಥೆ ಹೇಳಿರುತ್ತಾನೆ, ಮನೆಯಲ್ಲಿ ಒಂಟಿಯಾಗಿರುವ ಹೆಂಡತಿಯ ಚಿಂತೆಯನ್ನೂ ಹೇಳಿಕೊಂಡಿರುತ್ತಾನೆ. ಸಂಜೆ ತನ್ನ ಹೆಸರು ಹೆಡ್‌ಫೋನಿನಲ್ಲಿ ಬಂದಾಗ ಪಕ್ಕದ ಹಾಸಿಗೆಯವನು ಇವನತ್ತ ತಿರುಗಿ ನೋಡುತ್ತಾನೆ. ಕೇಸ್ ಶೀಟಿನ ನಂಬರಾಗಿದ್ದವನು ಮತ್ತೆ ಹೆಸರುಳ್ಳ ಮನುಷ್ಯನಾಗುತ್ತಾನೆ.

2000ದ ನಂತರ ಇಳಿಗಾಲ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಹಾಸಿಗೆಗೊಂದರಂತೆ ಹಣ ಕೊಟ್ಟು ನೋಡುವ ಟಿ.ವಿ. ಪರದೆಗಳು ಬಂದವು. ಶಸ್ತ್ರಚಿಕಿತ್ಸೆಯ ಮರುದಿನವೇ ಮನೆಗೆ ಕಳಿಸುವ ಪದ್ಧತಿ ಬೆಳೆಯಿತು. ಆಮೇಲೆ ಸ್ಮಾರ್ಟ್‌ಫೋನ್. 2020ರ ಕೋವಿಡ್ ಕಾಲದಲ್ಲಿ ಸ್ವಯಂಸೇವಕರಿಗೆ ವಾರ್ಡಿನ ಬಾಗಿಲೇ ಮುಚ್ಚಿತು. ಕೆಲವರು ಮನೆಯ ಕೋಣೆಯಿಂದ ಪ್ರಸಾರ ಮುಂದುವರಿಸಿದರು, ಕೆಲವು ಕೇಂದ್ರಗಳು ನಿಂತೇಹೋದವು. ಹಾಗಿದ್ದೂ ಇವತ್ತಿಗೂ ಅಲ್ಲಿ ನೂರಕ್ಕೂ ಹೆಚ್ಚು ಕೇಂದ್ರಗಳು ಉಸಿರಾಡುತ್ತಿವೆ. ಯಾವ ಹಾಡು ಬೇಕಾದರೂ ಅಂಗೈಯಲ್ಲೇ ಸಿಗುವ ಈ ಕಾಲದಲ್ಲಿ ಅವು ಉಳಿದಿರುವುದು ಹಾಡಿನಿಂದ ಇರಲಾರದು. ಚೀಟಿ ಹಿಡಿದು ಬರುವ ಮನುಷ್ಯ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಬಾನುಲಿ ನಮಗೆ ಬಂದದ್ದೇ ಹವ್ಯಾಸಿಗಳಿಂದ

ಇದು ವಿದೇಶದ ವ್ಯವಸ್ಥೆ, ನಮಗೆ ಒಗ್ಗುವುದಿಲ್ಲ ಎನ್ನುವವರು ಮೈಸೂರು ಸೀಮೆಯ ಬಾನುಲಿಯ ಹುಟ್ಟನ್ನು ನೆನೆಯಬೇಕು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪುಟ್ಟ ಪ್ರೇಷಕವೊಂದರಲ್ಲಿ ಪ್ರಸಾರ ಆರಂಭಿಸಿದರು. ಸ್ವಂತ ಹಣ, ಸ್ವಂತ ಮನೆ, ಸ್ನೇಹಿತರ ಸಹಾಯ. ‘ಆಕಾಶವಾಣಿ’ ಎಂಬ ಹೆಸರು ನಿಂತದ್ದೂ ಅಲ್ಲಿಯೇ. ಮುಂದೆ ಸಂಸ್ಥಾನ ಅದನ್ನು ವಹಿಸಿಕೊಂಡಿತು, 1955ರಲ್ಲಿ ಕೇಂದ್ರ ಬೆಂಗಳೂರಿಗೆ ಬಂತು. ಗೋಪಾಲಸ್ವಾಮಿಯವರು ಕಲಿಸುತ್ತಿದ್ದುದು ಮನಃಶಾಸ್ತ್ರ ಎಂಬುದು ಈ ಹೊತ್ತಿನಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಜನರ ಬಾನುಲಿಯ ಹಕ್ಕಿಗಾಗಿ ನಡೆದ ಹೋರಾಟದಲ್ಲಿಯೂ ಬೆಂಗಳೂರಿನ ಪಾತ್ರ ದೊಡ್ಡದು. ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಮರುವರ್ಷವೇ ಇಲ್ಲಿ ಸೇರಿದ ಪತ್ರಕರ್ತರು, ಕಾರ್ಯಕರ್ತರು, ಬಾನುಲಿ ತಜ್ಞರು ಸಮುದಾಯ ಬಾನುಲಿಗೆ ಅವಕಾಶ ಕೊಡಿ ಎಂದು ಒತ್ತಾಯಿಸಿದ್ದು ‘ಬೆಂಗಳೂರು ಘೋಷಣೆ’ ಎಂದು ಹೆಸರಾಯಿತು. ಸರ್ಕಾರ ಜಗ್ಗಲಿಲ್ಲ. ಆಗ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ವಾಯ್ಸಸ್ ಮತ್ತು ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಗಳ ಬೆಂಬಲದಿಂದ 2001ರಲ್ಲಿ ಹುಟ್ಟಿದ ‘ನಮ್ಮ ಧ್ವನಿ’ ಒಂದು ಜಾಣ ದಾರಿ ಹಿಡಿಯಿತು. ಗಾಳಿಯಲ್ಲಿ ಬಿತ್ತರಿಸಲು ಪರವಾನಗಿ ಇಲ್ಲವೇ? ಸರಿ, ಟಿ.ವಿ. ಕೇಬಲ್ಲಿನ ತಂತಿಯಲ್ಲೇ ಧ್ವನಿಯನ್ನು ಮನೆಮನೆಗೆ ಹರಿಸೋಣ. ಆಸ್ಪತ್ರೆ ಬಾನುಲಿಯ ಬಗ್ಗೆ ಯೋಚಿಸುವವರು ಮೊದಲು ಕಲಿಯಬೇಕಾದ ಪಾಠ ಬೂದಿಕೋಟೆಯದು.

2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸಲು ದಾರಿ ತೆರೆಯಿತು. ಬೆಂಗಳೂರಿನಲ್ಲಿ ಜೈನ್ ಸಮೂಹದ ‘ರೇಡಿಯೋ ಆ್ಯಕ್ಟಿವ್’ 2007ರಿಂದ ಎಫ್‌ಎಂ 90.4 ಮೆಗಾಹರ್ಟ್ಸ್‌ನಲ್ಲಿ ಮಾತನಾಡುತ್ತಿದೆ. ಚಿಂದಿ ಆಯುವವರು, ಲೈಂಗಿಕ ಅಲ್ಪಸಂಖ್ಯಾತರು ಅಲ್ಲಿ ತಾವೇ ಮೈಕಿನ ಮುಂದೆ ಕೂತಿದ್ದಾರೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ‘ವೇಣುಧ್ವನಿ’ ಇದೆ, ಮಂಗಳೂರಿನಲ್ಲಿ ‘ಸಾರಂಗ್’ ಇದೆ. ಊರಿನವರೇ ಮೈಕ್ ಹಿಡಿಯುವುದು ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ.

ಹಾಗಾದರೆ ಆಸ್ಪತ್ರೆಯೊಂದು ಎಫ್‌ಎಂ ಪರವಾನಗಿಯನ್ನೇ ಕೇಳಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ. ಲಾಭದ ಉದ್ದೇಶವಿಲ್ಲದ, ಕನಿಷ್ಠ 3 ವರ್ಷ ಹಳೆಯದಾದ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು. ಆದರೆ ಅದರ ಹಾದಿ ಉದ್ದ. ದೆಹಲಿಯ ಹಲವು ಇಲಾಖೆಗಳ ಒಪ್ಪಿಗೆ, ತರಂಗಾಂತರ ಹಂಚಿಕೆ, ಗೋಪುರ, 100 ವ್ಯಾಟ್‌ನ ಮಿತಿ, ಅರ್ಧದಷ್ಟಾದರೂ ಸ್ಥಳೀಯ ಕಾರ್ಯಕ್ರಮ ಇರಬೇಕೆಂಬ ನಿಯಮ. ಇಷ್ಟೆಲ್ಲ ಮಾಡಿದ ಮೇಲೆ ಧ್ವನಿ ಹಲವು ಕಿಲೋಮೀಟರ್ ಹರಡುತ್ತದೆ. ಆಸ್ಪತ್ರೆಗೆ ಅದು ಬೇಡವಾದದ್ದು. ವಾರ್ಡಿನ ಮಾತು ರಸ್ತೆಯಾಚೆ ಹೋಗಬೇಕಾಗಿಲ್ಲ, ಹೋಗಲೂಬಾರದು. ಆವರಣದೊಳಗೇ ತಂತಿಯಲ್ಲಿ ಹರಿಯುವ ಧ್ವನಿಗೆ ತರಂಗಾಂತರದ ಪ್ರಶ್ನೆಯೇ ಇಲ್ಲ. ಬ್ರಿಟನ್ನಿನ ಬಹುಪಾಲು ಕೇಂದ್ರಗಳು ದಶಕಗಳ ಕಾಲ ನಡೆದದ್ದೂ ತಂತಿಯ ಮೇಲೆಯೇ.

ಇಲ್ಲಿ ಕೇಳುಗ ಯಾರು?

ಬ್ರಿಟನ್ನಿನ ಮಾದರಿಯನ್ನು ಇಲ್ಲಿಗೆ ತರುವಾಗ ಅತಿ ಸುಲಭವಾಗಿ ಆಗುವ ತಪ್ಪು ಇದು: ನಮ್ಮ ರೋಗಿಯೂ ಒಂಟಿ ಎಂದುಕೊಳ್ಳುವುದು. ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಯ ಕಡೆಯವರು ಇಲ್ಲದೆ ಕೆಲಸವೇ ನಡೆಯುವುದಿಲ್ಲ. ರಕ್ತದ ಮಾದರಿ ಲ್ಯಾಬಿಗೆ ಒಯ್ಯುವುದು, ರಿಪೋರ್ಟ್ ತರುವುದು, ಹೊರಗಿನಿಂದ ಔಷಧಿ ತರುವುದು, ಸ್ಟ್ರೆಚರ್ ತಳ್ಳುವುದು, ಊಟ ಹೊತ್ತು ತರುವುದು ಎಲ್ಲವೂ ಅವರ ತಲೆಯ ಮೇಲೆ. ರೋಗಿಯ ಸುತ್ತ ಜನ ಇದ್ದಾರೆ. ಆ ಜನರ ಸುತ್ತ ಯಾರೂ ಇಲ್ಲ.

ನಗರದ ಒಂದು ದೊಡ್ಡ ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಕಂಡ ಒಬ್ಬ ಹೆಂಗಸಿನ ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ರಾಯಚೂರು ಕಡೆಯವರು. ಒಳಗೆ ಗಂಡನಿಗೆ ಚಿಕಿತ್ಸೆ. ಮಡಿಲಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರಲ್ಲಿ ಎಕ್ಸ್‌ರೇ, ಚೀಟಿಗಳು, ಆಧಾರ್ ಕಾರ್ಡು, ಪಡಿತರ ಚೀಟಿ ಎಲ್ಲವೂ ಒಟ್ಟಿಗೆ. ಯಾರಾದರೂ ಬಿಳಿ ಕೋಟಿನವರು ಹಾದುಹೋದರೆ ಆಕೆ ಅರ್ಧ ಏಳುತ್ತಿದ್ದರು, ಅವರು ನಿಲ್ಲದಿದ್ದರೆ ಮತ್ತೆ ಕೂರುತ್ತಿದ್ದರು. ‘ಏನಮ್ಮ ಬೇಕಿತ್ತು?’ ಎಂದು ಕೇಳಿದೆ. ಒಂದು ಕಾಗದ ತೆಗೆದು ತೋರಿಸಿದರು. ಅದರ ಮೇಲೆ ಸೀಲು ಹಾಕಿಸಬೇಕಿತ್ತು. ಸೀಲು ಹಾಕುವ ಕೋಣೆ ಅವರ ಬೆನ್ನ ಹಿಂದಿನ ಗೋಡೆಯ ಆಚೆಗೇ ಇತ್ತು, ಬಾಗಿಲು ಮಾತ್ರ ಇನ್ನೊಂದು ಬದಿಗೆ. ನಾಮಫಲಕ ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಇತ್ತು. ಆಕೆಗೆ ಓದು ಬರುತ್ತಿರಲಿಲ್ಲ.

ಬೆಂಗಳೂರಿನ ಆಸ್ಪತ್ರೆ ಬಾನುಲಿ ಮೊದಲು ಮಾತನಾಡಬೇಕಾದದ್ದು ಇಂಥವರೊಂದಿಗೆ. ಫಲಕ ಓದಲಾಗದವರಿಗೆ ಕಿವಿಯೇ ದಾರಿ. ಸಂಜೆ ಒಂದು ಗಂಟೆಯ ಪ್ರಸಾರದಲ್ಲಿ ಮೊದಲ ಹತ್ತು ನಿಮಿಷ ‘ನಾಳೆ ಏನು, ಎಲ್ಲಿ, ಎಷ್ಟು ಹೊತ್ತಿಗೆ’ ಎಂದಿರಲಿ. ಸರ್ಕಾರಿ ಆರೋಗ್ಯ ಯೋಜನೆಯ ಕಾಗದಪತ್ರ ಯಾವ ಕೌಂಟರ್, ಅದಕ್ಕೆ ನೆರವಾಗುವ ಆರೋಗ್ಯ ಮಿತ್ರರು ಎಲ್ಲಿ ಕೂರುತ್ತಾರೆ, ದೂರು ಅಥವಾ ಸಲಹೆಗೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡುವುದು ಹೇಗೆ, ಕಡಿಮೆ ಬೆಲೆಯ ಊಟ ಎಲ್ಲಿ, ಸ್ನಾನಕ್ಕೆ ಜಾಗ ಎಲ್ಲಿ. ಆಮೇಲೆ ಕೋರಿಕೆಯ ಹಾಡು. ಆ ಕೋರಿಕೆ ಕೇಳಲು ಹೋದ ಸ್ವಯಂಸೇವಕರಿಗೇ ಮರುದಿನದ ಪ್ರಶ್ನೆಗಳೂ ಸಿಗುತ್ತವೆ. ಹಾಡು ಕೇಳಲು ಬಂದವರ ಬಳಿ ಜನ ಸೀಲಿನ ವಿಷಯ ಹೇಳುತ್ತಾರೆ. ಬಿಳಿ ಕೋಟಿನವರ ಮುಂದೆ ಬಾಯಿ ಬಾರದವರೂ ಹೇಳುತ್ತಾರೆ.

ಭಾಷೆಯ ಪ್ರಶ್ನೆ ದೊಡ್ಡದು. 1900ರಲ್ಲಿ ತೆರೆದ ವಿಕ್ಟೋರಿಯಾ ಇರಲಿ, ಕಿದ್ವಾಯಿ ಇರಲಿ, ನಿಮ್ಹಾನ್ಸ್ ಇರಲಿ, ಬರುವವರು ಕಲ್ಯಾಣ ಕರ್ನಾಟಕದಿಂದ ಚಾಮರಾಜನಗರದವರೆಗಿನ ಕನ್ನಡ ಮಾತನಾಡುವವರು, ಆಚೆ ಆಂಧ್ರ, ತಮಿಳುನಾಡಿನವರು, ದಖನಿ ಉರ್ದುವಿನವರು, ಕಟ್ಟಡ ಕೆಲಸಕ್ಕೆ ಬಂದ ಬಿಹಾರ, ಒಡಿಶಾದವರು. ಪ್ರಸಾರದ ಬೆನ್ನೆಲುಬು ಕನ್ನಡವೇ ಆಗಬೇಕು. ಆ ಕನ್ನಡ ಕಲಬುರಗಿಯ ಅಜ್ಜಿಗೂ ತನ್ನದೆನ್ನಿಸಬೇಕು. ಹತ್ತು ನಿಮಿಷದ ಮಾಹಿತಿಯನ್ನು ಮಾತ್ರ ಉಳಿದ ಭಾಷೆಗಳಲ್ಲಿ ಮತ್ತೆ ಹೇಳಬಹುದು. ಈ ನಗರದಲ್ಲಿ ಐದು ಭಾಷೆ ಬಲ್ಲ ಸ್ವಯಂಸೇವಕರು ಸಿಗುವುದು ಕಷ್ಟವೇ ಅಲ್ಲ.

ಸದ್ದಿನ ಬಗ್ಗೆ ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರಾತ್ರಿ ವಾರ್ಡಿನೊಳಗೆ ಸರಾಸರಿ 30 ಡೆಸಿಬಲ್ ಸಾಕು. ಆದ್ದರಿಂದ ವಾರ್ಡಿನಲ್ಲಿ ಲೌಡ್‌ಸ್ಪೀಕರ್ ಖಂಡಿತ ಬೇಡ. ಕಾಯುವ ಕೊಠಡಿ, ಧರ್ಮಶಾಲೆ, ಊಟದ ಜಾಗದಲ್ಲಿ ಸಣ್ಣ ದನಿಯ ಸ್ಪೀಕರ್ ಸಾಕು. ಹಾಸಿಗೆಯಲ್ಲಿರುವವರಿಗೆ ದಿಂಬಿನಡಿ ಇಡುವ ಪುಟ್ಟ ಸ್ಪೀಕರ್ ಅಥವಾ ಒರೆಸಿ ಸ್ವಚ್ಛ ಮಾಡಬಹುದಾದ ಹೆಡ್‌ಫೋನ್. ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ ಹಾಗೆಯೇ ಕೊಟ್ಟರೆ ಸೋಂಕು ದಾಟುತ್ತದೆ, ಅದರಲ್ಲಿ ರಾಜಿ ಇಲ್ಲ. ಮೊಬೈಲ್ ಇದ್ದವರು ಆಸ್ಪತ್ರೆಯ ವೈಫೈ ಮೂಲಕ ಕೇಳಬಹುದು.

ಸಂಗೀತದಿಂದ ರೋಗಿಗೆ ಉಪಕಾರವಿದೆಯೇ ಎಂಬುದಕ್ಕೆ ತಕ್ಕಮಟ್ಟಿನ ಆಧಾರವಿದೆ. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ, 73 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಅಧ್ಯಯನವು, ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸಂಗೀತವು ನೋವು, ಆತಂಕ, ನೋವು ನಿವಾರಕದ ಬಳಕೆ ಮೂರನ್ನೂ ತಗ್ಗಿಸಿತೆಂದು ಕಂಡಿತು. ಅದು ಸಂಗೀತದ ಬಗೆಗಿನ ಮಾತು, ಬಾನುಲಿಯ ಬಗ್ಗೆ ಅಲ್ಲ. ನನ್ನ ವಾದ ಆ ಅಧ್ಯಯನದ ಮೇಲೆ ನಿಂತಿಲ್ಲ.

ಹಾಡಿನ ಹಕ್ಕುಸ್ವಾಮ್ಯದ ತೊಡಕು ಇದ್ದೇ ಇದೆ. ಸಿನಿಮಾ ಹಾಡುಗಳನ್ನು ಹಾಕುವುದಾದರೆ ಹಕ್ಕುದಾರ ಸಂಸ್ಥೆಗಳೊಂದಿಗೆ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಆದರೆ ನಮ್ಮಲ್ಲಿ ಯಾರ ಅಪ್ಪಣೆಯೂ ಬೇಡದ ಭಂಡಾರವೇ ಇದೆ. ವಚನ, ದಾಸರ ಪದ, ಶಿಶುನಾಳ ಷರೀಫರ ತತ್ತ್ವಪದ, ಬೀಸುವ ಪದ, ಸೋಬಾನೆ. ಸ್ವಯಂಸೇವಕರು ತಾವೇ ಹಾಡಲಿ. ಇನ್ನೂ ಒಳ್ಳೆಯದು, ರೋಗಿಯ ಕಡೆಯವರಿಂದಲೇ ಹಾಡಿಸಲಿ. ಕಾರಿಡಾರಿನಲ್ಲಿ ಮಲಗುವವರಲ್ಲಿ ಭಜನಾ ಮಂಡಳಿಯವರು, ಬಯಲಾಟದ ಭಾಗವತರು, ಸೋಬಾನೆ ಹಾಡುವ ತಾಯಂದಿರು ಇರುತ್ತಾರೆ. ವಾರಗಟ್ಟಲೆ ಎಲ್ಲರ ಮುಂದೆ ಕೈಮುಗಿದು ನಿಂತವರಿಗೆ ಒಮ್ಮೆ ಮೈಕಿನ ಮುಂದೆ ಕೂರುವ ಮರ್ಯಾದೆ ಸಿಗಲಿ.

ನನಗೆ ನಿಜವಾಗಿ ಭಯವಿರುವುದು ಬೇರೆ ಕಡೆ. ಬೆಂಗಳೂರಿನಲ್ಲಿ ಸ್ವಯಂಸೇವೆಗೆ ಜನ ಬರುತ್ತಾರೆ. ನಿವೃತ್ತರು ಇದ್ದಾರೆ, ಎನ್‌ಎಸ್‌ಎಸ್ ವಿದ್ಯಾರ್ಥಿಗಳಿದ್ದಾರೆ, ವಾರಾಂತ್ಯಕ್ಕೆ ಐ.ಟಿ. ನೌಕರರಿದ್ದಾರೆ. ಬಂದವರೆಲ್ಲ ನಿಲ್ಲುವುದಿಲ್ಲ. ಹಣ್ಣು ಹಂಚಿ ಫೋಟೊ ತೆಗೆಸಿಕೊಂಡು ಹೋಗುವ ಸೇವೆಯನ್ನು ನಮ್ಮ ವಾರ್ಡುಗಳು ಸಾಕಷ್ಟು ನೋಡಿವೆ. ಜೊತೆಗೆ ಧರ್ಮಪ್ರಚಾರದ ಕರಪತ್ರ, ರಾಜಕೀಯ ಪಕ್ಷದ ಶಾಲು, ಔಷಧ ಕಂಪನಿಯ ಜಾಹೀರಾತು ಒಳನುಗ್ಗಲು ಬಾನುಲಿ ಬಹಳ ಅನುಕೂಲವಾದ ಕಿಂಡಿ. ಮೊದಲ ದಿನದಿಂದಲೇ ಈ ಮೂರಕ್ಕೂ ಬಾಗಿಲು ಮುಚ್ಚಿರಬೇಕು. ರೋಗದ ಹೆಸರು ಪ್ರಸಾರದಲ್ಲಿ ಎಂದೂ ಬರಬಾರದು. ರೋಗಿಯ ಹೆಸರು ಅವರ ಒಪ್ಪಿಗೆಯಿಲ್ಲದೆ ಬರಬಾರದು. ನಿಮ್ಹಾನ್ಸ್‌ನಂಥ ಕಡೆ, ಎಚ್‌ಐವಿ ಅಥವಾ ಕ್ಷಯದ ವಾರ್ಡುಗಳಲ್ಲಿ ವಾರ್ಡಿನ ಹೆಸರು ಹೇಳಿದರೂ ಗುಟ್ಟು ರಟ್ಟಾದಂತೆಯೇ. ಹಳ್ಳಿಯ ಒಬ್ಬರ ಕಿವಿಗೆ ಬಿದ್ದರೆ ಇಡೀ ಹಳ್ಳಿಗೆ ಗೊತ್ತಾಗುತ್ತದೆ.

ಇನ್ನೊಂದು ಅಪಾಯವನ್ನು ಖಾರವಾಗಿಯೇ ಹೇಳಬೇಕಾಗಿದೆ. ಸ್ವಯಂಸೇವಕರು ಬಂದರೆಂದು ಸಹಾಯವಾಣಿ ಮೇಜಿನ ಹುದ್ದೆಗಳನ್ನು ಖಾಲಿ ಬಿಡುವ ಚಾಳಿ ಆಡಳಿತಕ್ಕಿದೆ. ದಾರಿ ತೋರಿಸುವುದು, ಕಾಗದ ತುಂಬಿಕೊಡುವುದು ಸಂಬಳ ಪಡೆಯುವ ಸಿಬ್ಬಂದಿಯ ಕೆಲಸ. ಬಾನುಲಿ ಆ ಮೇಜಿನತ್ತ ಜನರನ್ನು ಕಳಿಸಬೇಕು, ಮೇಜು ಖಾಲಿಯಿದ್ದರೆ ಅದನ್ನೂ ಪ್ರಸಾರದಲ್ಲಿ ಹೇಳುವ ಸ್ವಾತಂತ್ರ್ಯ ಅದಕ್ಕಿರಬೇಕು. ಆ ಸ್ವಾತಂತ್ರ್ಯ ಕೊಡಲು ಒಪ್ಪದ ಆಸ್ಪತ್ರೆಯಲ್ಲಿ ಕೇಂದ್ರ ತೆರೆಯುವುದೇ ಬೇಡ.

ಎಲ್ಲಿಂದ ಶುರು ಮಾಡುವುದು? ಜನ ಹೆಚ್ಚು ದಿನ ತಂಗುವ ಕಡೆಯಿಂದ. ‘ಕರೆಂಟು ಕೊಡಿಸಲು’ ಬಂದವರು, ಅಂದರೆ ವಿಕಿರಣ ಚಿಕಿತ್ಸೆಗೆ ಬಂದವರು, ವಾರಕ್ಕೆ 5 ದಿನದಂತೆ ಐದಾರು ವಾರ ಇಲ್ಲೇ ಇರಬೇಕಾಗುತ್ತದೆ. ದಿನಕ್ಕೆ ಚಿಕಿತ್ಸೆ ಕೆಲವೇ ನಿಮಿಷ, ಉಳಿದದ್ದೆಲ್ಲ ಕಾಯುವಿಕೆ. ಅಂಥ ಒಂದು ವಿಭಾಗದ ಕಾಯುವ ಕೊಠಡಿ ಮತ್ತು ಅದರ ರೋಗಿಗಳು ತಂಗುವ ಧರ್ಮಶಾಲೆ, ಇವೆರಡೇ ಸಾಕು. ಒಂದು ಲ್ಯಾಪ್‌ಟಾಪ್, ಒಂದು ಮಿಕ್ಸರ್, ಎರಡು ಮೈಕ್, ತಂತಿ, ನಾಲ್ಕಾರು ಪೆಟ್ಟಿಗೆ ಸ್ಪೀಕರ್. ಇದಕ್ಕಿಂತ ಹೆಚ್ಚಿನ ಸಾಮಾನು ಕೊಳ್ಳುವ ಮೊದಲು ವಾರದ ಪ್ರತಿ ಸಂಜೆಗೂ ಇಬ್ಬಿಬ್ಬರಂತೆ ಹೆಸರು ಬರೆದ ಪಟ್ಟಿ ಸಿದ್ಧವಾಗಬೇಕು. ಒಬ್ಬರು ಮೈಕಿಗೆ, ಒಬ್ಬರು ಚೀಟಿಗೆ. ಆ ಪಟ್ಟಿ ಮೂರು ತಿಂಗಳು ಖಾಲಿ ಬೀಳದೆ ನಡೆದರೆ ವೈದ್ಯಕೀಯ ಅಧೀಕ್ಷಕರ ಬಳಿ ಎರಡನೆಯ ವಾರ್ಡಿಗೆ ಅನುಮತಿ ಕೇಳಬಹುದು. ಚೀಟಿ ಹಿಡಿಯುವವರ ಸಾಲು ತುಂಬುತ್ತಿಲ್ಲ, ಮೈಕಿನ ಸಾಲು ಮಾತ್ರ ತುಂಬುತ್ತಿದೆ ಎಂದಾದರೆ ಅಲ್ಲಿಗೇ ನಿಲ್ಲಿಸಿ, ಜನರನ್ನು ಮತ್ತೆ ಹುಡುಕಬೇಕು.